ಹಳ್ಳದಾಚೆಯ ಅಕ್ಕ

ಬೀದಿಯ ಕೊನೆಯ ಮನೆ ಕುರಿಯಕ್ಕನದು. ಅಲ್ಲಿಂದ ಮುಂದೆ ಮುಳ್ಳಿನ ಬೇಲಿ, ಬೇಲಿ ದಾಟಿದರೆ ಹಳ್ಳ, ಹಳ್ಳದಾಚೆ ಕಲ್ಲುಗುಡ್ಡ. ಮನೆ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಒಲೆ, ಒಂದು ಮಂಚ, ಗೋಡೆಗೆ ಬಡಿದ ಮೊಳೆಗಳಲ್ಲಿ ಹಗ್ಗ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ, ಮಳೆಗೊಂದು ಚಳಿಗೊಂದು ಕಂಬಳಿ. ಹಿಂದಿನದು ಹೆಸರಿಗೆ ಮಾತ್ರ ಕೋಣೆ. ಚಳಿಗಾಲ ಬಂತೆಂದರೆ ಅದು ಎಳೆ ಮರಿಗಳ ಪಾಲು. ಬಂದವರು ಯಾರಾದರೂ "ಏನಕ್ಕ ಇದು, ಮನೆಯೆಲ್ಲ ಕುರಿ ವಾಸನೆ" ಎಂದು ಮೂಗು ಮುಚ್ಚಿದರೆ, "ಅವೂ ನಮ್ಮನ್ನ ಹಾಗೇ ಅಂದ್ಕೊಳ್ತಿರ್ತಾವೆ, ಪಾಪ ಬಾಯಿಬಿಟ್ಟು ಹೇಳಲ್ಲ" ಎನ್ನುತ್ತಿದ್ದಳು.

ಮನುಷ್ಯರ ಜೊತೆ ಅವಳ ಮಾತು ಅಷ್ಟಕ್ಕಷ್ಟೇ. ಇದ್ದಬದ್ದ ಮಾತನ್ನೆಲ್ಲ ಕುರಿಗಳಿಗೇ ಖರ್ಚು ಮಾಡುತ್ತಿದ್ದಳು. ಬೆಳಿಗ್ಗೆ ದೊಡ್ಡಿಯ ಬಾಗಿಲು ತೆಗೆಯುವಾಗ ಅವಳು ಆಡುವ ಮಾತು ಕೇಳಲೆಂದೇ ಪಕ್ಕದ ಮನೆಯ ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿದ್ದ. "ಏನೇ ಮಹಾರಾಣಿ, ಪಲ್ಲಕ್ಕಿ ತರಿಸ್ಲಾ? ಎದ್ದೇಳೇ! ನೀನೇನೋ, ಹಲ್ಲುಕಿರಿದು ನಿಂತಿದೀಯ, ರಾತ್ರಿ ಬೇಲಿ ಕಿತ್ತಿದ್ದು ನೀನೇ ಅಂತ ನನಗೆ ಗೊತ್ತಿಲ್ವಾ?" ಕಮ್ಮಾರ ಒಳಗೇ ನಗುತ್ತಿದ್ದ. ಎದುರಿಗೆ ನಕ್ಕರೆ ಅವಳು ಮಾತು ನಿಲ್ಲಿಸಿಬಿಡುತ್ತಾಳೆಂದು ಅವನಿಗೆ ಗೊತ್ತಿತ್ತು.

ಅವಳ ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಕೈಗೂಸು. ಅಪ್ಪ ಮಂದೆಯ ಹಿಂದೆ ಗುಡ್ಡದಿಂದ ಗುಡ್ಡಕ್ಕೆ ಅಲೆಯುವ ಮನುಷ್ಯ. ಕುರಿ ಹುಲ್ಲು ಕಂಡ ಕಡೆ ಅವನಿಗೆ ಬೆಳಗಾಗಬೇಕು. ಮಗುವನ್ನು ಬಿಟ್ಟು ಬರಲು ಯಾರ ಮನೆಯೂ ಇರಲಿಲ್ಲ. ಇನ್ನೂ ಎದೆಯುದ್ದಕ್ಕೂ ಬೆಳೆಯದ ಹುಡುಗಿ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಅಪ್ಪನ ಹಿಂದೆ ನಡೆದಳು. ಆಡಿನ ಹಾಲು ಹಿಂಡಿ, ಬಟ್ಟೆಯ ಬತ್ತಿ ಮಾಡಿ, ಅದ್ದಿ ಅದ್ದಿ ಅವನ ಬಾಯಿಗಿಟ್ಟಳು. ಅವನು ಮೊದಲ ಹೆಜ್ಜೆ ಇಟ್ಟದ್ದು ಒಂದು ಕುರಿಯ ಉಣ್ಣೆ ಹಿಡಿದುಕೊಂಡು. ಅವಳನ್ನು ಕೇಳಿಕೊಂಡು ಗಂಡಿನ ಕಡೆಯವರು ಬರದೇ ಇರಲಿಲ್ಲ. "ಇವನು ಒಂದಿಷ್ಟು ದೊಡ್ಡವನಾಗ್ಲಿ" ಎಂದಳು. ಅವನು ದೊಡ್ಡವನಾದ. ಅಷ್ಟು ಹೊತ್ತಿಗೆ ಕೇಳಿಕೊಂಡು ಬರುವವರು ನಿಂತಿದ್ದರು. ಅದಕ್ಕಾಗಿ ಅವಳು ಅತ್ತವಳೂ ಅಲ್ಲ, ಹೇಳಿಕೊಂಡವಳೂ ಅಲ್ಲ.

ಅಪ್ಪ ಹೋದ ಮೇಲೆ ಮಂದೆ ಹಂಚಿಕೊಂಡಾಗ ಜಗಳವೇ ಬರಲಿಲ್ಲ. ತಮ್ಮನಿಗೆ ಮೊದಲಿಂದಲೂ ಆಡೆಂದರೆ ಪ್ರಾಣ, ಅವಳಿಗೆ ಕುರಿ. ಅವನು ಮದುವೆಯಾಗಿ ಹಳ್ಳದ ಆಚೆ ದಡದಲ್ಲಿ ಮನೆ ಕಟ್ಟಿದ. ಬಂದ ಹುಡುಗಿಯ ದನಿ ಎಷ್ಟು ದೊಡ್ಡದೆಂದರೆ, ಅವಳು ಆಚೆ ದಡದಲ್ಲಿ ಮಗ್ಗುಲಮನೆಯವಳಿಗೆ ಗುಟ್ಟು ಹೇಳಿದರೆ ಈಚೆ ಬೀದಿಯಲ್ಲಿ ಚರ್ಚೆಯಾಗುತ್ತಿತ್ತು. ಎಲ್ಲರೂ ಅವಳನ್ನು ಗಂಟೆ ಎಂದು ಕರೆದರು. ಅವಳೂ ಬೇಸರಪಡದೆ ಓಗೊಟ್ಟಳು.

ಜಗಳ ಬಂದದ್ದು ಮೇವಿನ ಜಾಗಕ್ಕೆ. ಹಳ್ಳದ ಈಚೆ, ಅಕ್ಕನ ಮನೆಯ ಹಿಂದೆ, ಬೇಸಿಗೆಯಲ್ಲೂ ಹಸಿರು ಉಳಿಯುವ ಒಂದು ತಗ್ಗು. ಆಡು ಹೆಚ್ಚಾಗಿವೆ, ಅದನ್ನು ನನಗೆ ಬಿಡು ಎಂದ ತಮ್ಮ. ನನ್ನ ಕುರಿ ಈಯುವ ಜಾಗ ಅದು, ಆಗಲ್ಲ ಎಂದಳು ಅಕ್ಕ. ಮಾತಿಗೆ ಮಾತು ಬೆಳೆದು ಚಹಾ ಅಂಗಡಿಯ ಬೆಂಚಿನ ಮೇಲೆ, ನಾಲ್ಕು ಜನ ಕೂತಿದ್ದಾಗ, ಅವನ ನಾಲಿಗೆ ಜಾರಿತು.

"ನಿನಗೇನು, ಗಂಡನಾ ಮಕ್ಕಳಾ? ಯಾರಿಗೋಸ್ಕರ ಕಾಪಾಡ್ತೀಯ ಅದನ್ನ?"

ಅಂಗಡಿಯವನು ಚಹಾ ಸೋಸುವುದನ್ನು ನಿಲ್ಲಿಸಿದ. ಕುರಿಯಕ್ಕ ಅರ್ಧ ಕುಡಿದ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದು ಹೋದಳು. ಅಂದಿನಿಂದ ಅಕ್ಕತಮ್ಮಂದಿರಿಗೆ ಮಾತು ಬಿಟ್ಟುಹೋಯಿತು. ಆಡಿದ ಗಳಿಗೆಯಲ್ಲೇ ಅವನಿಗೆ ತಾನೇನು ಆಡಿದೆನೆಂದು ತಿಳಿದಿತ್ತು. ಆದರೆ ಹೋಗಿ ತಪ್ಪಾಯಿತೆನ್ನಲು ಮುಖವಿರಲಿಲ್ಲ. ದಿನ ಕಳೆದಷ್ಟೂ ಆ ಮಾತು ಹೇಳುವುದು ಕಷ್ಟವಾಗುತ್ತ ಹೋಯಿತು. ನಡುವೆ ಅವನಿಗೆ ಮಗಳು ಹುಟ್ಟಿದಳು. ಕುರಿಯಕ್ಕ ತನ್ನದೇ ಕುರಿಯ ಉಣ್ಣೆಯಲ್ಲಿ ಬೆಳೆದ ಮೇಲೂ ಆಗುವಂಥ ಒಂದು ಟೊಪ್ಪಿಗೆ ಹೆಣೆದು, ಕೆಂಪು ಬಣ್ಣ ಹಾಕಿ, ಕಮ್ಮಾರನ ಹೆಂಡತಿಯ ಕೈಯಲ್ಲಿ ಕಳಿಸಿದಳು. ಮಗು ನಡೆಯುವಂತಾದಾಗ ಆಚೆ ದಡದಲ್ಲಿ ಒಂದು ಕೆಂಪು ಚುಕ್ಕೆ ಓಡಾಡುವುದು ಅವಳಿಗೆ ಕಾಣುತ್ತಿತ್ತು. ಮಗುವಿಗೂ ಈಚೆಯ ಹೆಂಗಸು ಕಾಣುತ್ತಿದ್ದಳು. "ಅದು ಯಾರು?" ಎಂದು ಕೇಳಿದಾಗ ಗಂಟೆ "ನಿನ್ನ ಅತ್ತೆ ಕಣೇ, ಆಚೆ ಅತ್ತೆ" ಎಂದಿದ್ದಳು. ಮಗುವಿನ ಬಾಯಲ್ಲಿ ಅದೇ ಹೆಸರು ನಿಂತಿತು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ತಮ್ಮ ಸಂತೆಯಿಂದ ಕೆಲವು ಮರಿ ಹಿಡಿದು ತಂದ. ಅವು ಬಂದು ಹೆಚ್ಚು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ ಕುರಿಗಳಿಗೆ ನೀರು ಕುಡಿಸುತ್ತಿದ್ದ ಕುರಿಯಕ್ಕ ತಲೆಯೆತ್ತಿ ಆಚೆ ನೋಡಿದಳು. ಬೇಲಿ ತೆಗೆದ ಕೂಡಲೇ ಬಂಡೆಯಿಂದ ಬಂಡೆಗೆ ನೆಗೆದು ಗುಡ್ಡ ಹತ್ತಬೇಕಾದ ಆಡುಗಳು ಬೇಲಿಯ ಬಾಯಲ್ಲೇ ನಿಂತಿದ್ದವು. ಕಿವಿ ಜೋಲು, ಬೆನ್ನ ಮೇಲಿನ ಕೂದಲು ನೆಟ್ಟಗೆ. ಒಂದು ಕೆಮ್ಮಿತು. ಇನ್ನೊಂದು ಕೆಮ್ಮಿತು. ಕೆಮ್ಮು ಅವಳಿಗೆ ದೊಡ್ಡದೆನಿಸಲಿಲ್ಲ. ಆದರೆ ಆಡುಗಳು ಹಾಗೆ ಅಲುಗದೆ ನಿಂತದ್ದನ್ನು ಅವಳು ಹುಡುಗಿಯಾಗಿದ್ದಾಗ ಒಮ್ಮೆ ಕಂಡಿದ್ದಳು. ಆ ಸಲ ಅಪ್ಪ ಮಂದೆಯ ನಡುವೆ ತಲೆಯ ಮೇಲೆ ಕೈಹೊತ್ತು ಕೂತವನು ಎರಡು ದಿನ ಏನೂ ತಿಂದಿರಲಿಲ್ಲ. ಹಿರೇಬೇನೆ ಎಂದು ಅದರ ಹೆಸರು.

ಅವಳು ಅಲ್ಲಿ ನಿಲ್ಲಲಿಲ್ಲ. ಕುರಿಗಳನ್ನು ನೀರಿನಿಂದ ಎಬ್ಬಿಸಿ ಮನೆಗೆ ಹೊಡೆದುಕೊಂಡು ಬಂದು, ದೊಡ್ಡಿಯಲ್ಲಿ ಕೂಡಿ, ಮೈಮೇಲೆ ಶಾಲು ಎಳೆದುಕೊಂಡು ಬೀದಿಗಿಳಿದಳು. ಚಹಾ ಅಂಗಡಿ ದಾಟಿ, ಗೋಣಿಚೀಲ ಹೊಲಿಯುವವನ ಜಗಲಿ ದಾಟಿ, ಬೀದಿಯ ಆ ಕೊನೆಗಿದ್ದ ದನದ ಆಸ್ಪತ್ರೆಗೆ ಬಂದಳು. ಉದ್ದನೆಯ ಒಂದೇ ಕೋಣೆ. ಫಿನಾಯಿಲ್ ವಾಸನೆ, ಗೋಡೆಗೊರಗಿದ ಬೆಂಚು, ಮೂಲೆಯಲ್ಲಿ ಗುಂಯ್ ಎನ್ನುವ ಫ್ರಿಜ್ಜು. ಹೊರಗೆ ಕಟ್ಟಿದ ಒಂದು ಕತ್ತೆ ಕಿಟಕಿಯೊಳಕ್ಕೆ ತಲೆ ತೂರಿಸಿ ತನ್ನ ಸರದಿ ಕಾಯುತ್ತಿತ್ತು. ಡಾಕ್ಟರಮ್ಮ ತೋಳು ಮಡಿಸಿಕೊಂಡು ಕೈ ತೊಳೆಯುತ್ತಿದ್ದವಳು ತಿರುಗಿ ನೋಡಿದಳು.

"ಅಕ್ಕ, ನೀವಾ! ಲಸಿಕೆ ಹಾಕೋಕೆ ಬಂದಾಗಲೆಲ್ಲ ಕುರಿ ಹೊಡ್ಕೊಂಡು ಗುಡ್ಡದ ಹಿಂದೆ ಮಾಯ ಆಗ್ತಿದ್ರಿ. ಇವತ್ತು ನೀವೇ ಬಂದಿದೀರಲ್ಲ?"

"ನನ್ನದಕ್ಕಲ್ಲ ಡಾಕ್ಟರಮ್ಮ. ಆಚೆ ದಡದ್ದಕ್ಕೆ."

"ತಮ್ಮನ ಆಡಿಗಾ? ಅವರೇ ಬರಬಹುದಿತ್ತಲ್ಲ?"

"ಅವನಿಗೆ ಇನ್ನೂ ತಿಳಿದಿಲ್ಲ. ನೆಗಡಿ ಅಂದ್ಕೊಂಡಿರ್ತಾನೆ. ನೀವು ಆ ಕಡೆ ಏನೋ ಕೆಲಸಕ್ಕೆ ಹೋದೋರ ಹಾಗೆ ಹೋಗಿ ನೋಡಿ. ನಾನು ಹೇಳಿ ಕಳಿಸ್ದೆ ಅಂತ ಮಾತ್ರ ಹೇಳ್ಬೇಡಿ."

ನಗಲು ಹೊರಟಿದ್ದ ಡಾಕ್ಟರಮ್ಮ ಅವಳ ಮುಖ ನೋಡಿ ಕೈ ಒರೆಸಿಕೊಂಡಳು. ಕಣ್ಣಲ್ಲಿ ಮೂಗಲ್ಲಿ ಸೋರುತ್ತಿದೆಯಾ, ಹೊಸದಾಗಿ ಎಲ್ಲಿಂದಲಾದರೂ ತಂದಿದ್ದಾರಾ ಎಂದು ಒಂದೊಂದೇ ಕೇಳಿ ತಿಳಿದು, ಕತ್ತೆಯ ಕಾಲಿಗೆ ಪಟ್ಟಿ ಸುತ್ತುವ ಕೆಲಸವನ್ನು ಕಂಪೌಂಡರಿಗೆ ಒಪ್ಪಿಸಿ, ಚೀಲ ಹೆಗಲಿಗೆ ಹಾಕಿ ಬೈಕು ಹತ್ತಿದಳು.

ಅವಳು ಕುರಿಯಕ್ಕನ ಮನೆಯ ಮುಂದೆ ಬಂದು ನಿಂತದ್ದು ಮಧ್ಯಾಹ್ನ ಇಳಿದ ಮೇಲೆ. ಬಟ್ಟೆ ಬದಲಾಯಿಸಿದ್ದಳು. ಬೂಟುಗಳನ್ನು ಔಷಧದ ನೀರಲ್ಲಿ ಮತ್ತೊಮ್ಮೆ ಉಜ್ಜಿ ತೊಳೆದಳು.

"ಹಿರೇಬೇನೆನೇ ಅಕ್ಕ. ಪರೀಕ್ಷೆಗೆ ಕಳಿಸಿದೀನಿ, ಆದರೆ ಅನುಮಾನ ಇಲ್ಲ. ಇದು ವೈರಸ್ಸು. ಇದನ್ನ ಕೊಲ್ಲೋ ಔಷಧಿ ನನ್ನ ಹತ್ರ ಇಲ್ಲ, ಯಾರ ಹತ್ರಾನೂ ಇಲ್ಲ. ಇದರ ಬೆನ್ನಿಗೇ ಬರೋ ಎದೆ ಸೋಂಕಿಗೆ ಸೂಜಿ ಹಾಕಿದೀನಿ. ಉಳಿದಿದ್ದು ಆರೈಕೆ. ಎಷ್ಟು ಉಳಿಯುತ್ತೋ ನೋಡೋಣ."

ಕುರಿಯಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಈಗ ನಿಮ್ಮ ಕುರಿ. ಇವಕ್ಕೆ ಇವತ್ತೇ ಲಸಿಕೆ ಹಾಕಬೇಕು. ಓಡಿಹೋಗ್ಬೇಡಿ."

"ನನ್ನವೆಲ್ಲ ಗಬ್ಬದ ಕುರಿ. ಹಿಂದೆ ಅಪ್ಪ ಇದ್ದಾಗ ಹೀಗೇ ಸೂಜಿ ಹಾಕಿ ಹೋದ್ರು. ಮಾರನೇ ದಿನಾನೇ ಎರಡು ಕುರಿ ದಿನ ತುಂಬದೆ ಕಂದು ಹಾಕಿದ್ವು."

"ಹೇಗೆ ಹಿಡಿದಿದ್ರು ಅವುಗಳನ್ನ?"

ಕುರಿಯಕ್ಕ ನೆನಪಿಸಿಕೊಂಡಳು. ಬಂದವರು ಅವಸರದಲ್ಲಿದ್ದರು. ಹುಡುಗರು ಅಟ್ಟಿಸಿಕೊಂಡು ಹೋಗಿ, ಕಾಲು ಹಿಡಿದೆಳೆದು, ದೊಪ್ಪೆಂದು ಕೆಡವಿದ್ದರು.

"ಅದು ಸೂಜಿಯಿಂದ ಆಗಿದ್ದಲ್ಲ ಅಕ್ಕ, ಬೀಳಿಸಿದ್ದರಿಂದ. ಹೀಗೆ ಮಾಡೋಣ, ಹಿಡಿಯೋದು ನೀವು, ಚುಚ್ಚೋದು ನಾನು. ಒಂದನ್ನೂ ಓಡಿಸೋದು ಬೇಡ. ಕತ್ತಲಾದ್ರೂ ಪರವಾಗಿಲ್ಲ, ನನಗೇನೂ ಅವಸರ ಇಲ್ಲ."

ಆ ಮಧ್ಯಾಹ್ನವನ್ನು ಡಾಕ್ಟರಮ್ಮ ಆಮೇಲೆ ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದಾಳೆ. ಕುರಿಯಕ್ಕ ದೊಡ್ಡಿಯ ನಡುವೆ ಮಂಡಿಯೂರಿ ಕೂತು ಒಂದೊಂದೇ ಕುರಿಯನ್ನು ಕರೆದಳು. ಬಂದದ್ದನ್ನು ಎರಡೂ ಮೊಣಕಾಲ ನಡುವೆ ತಂದುಕೊಂಡು, ಗದ್ದದ ಕೆಳಗೆ ಕೈಯಿಟ್ಟು, ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. "ಹೆದರ್ಬೇಡ್ವೇ ನನ್ನ ಬಂಗಾರ, ಇರುವೆ ಕಚ್ಚಿದ ಹಾಗೆ ಅಷ್ಟೇ. ಡಾಕ್ಟರಮ್ಮ ಒಳ್ಳೆಯವರು, ನಿಧಾನ ಮಾಡ್ತಾರೆ. ಮಾಡ್ತೀರಲ್ಲ?" ಮಾತು ಮುಗಿಯುವವರೆಗೆ ಡಾಕ್ಟರಮ್ಮ ಸೂಜಿ ಹಿಡಿದು ಕಾಯುತ್ತಿದ್ದಳು. ಚುಚ್ಚಿದ ಮೇಲೆ ಬೆನ್ನಿಗೊಂದು ನೀಲಿ ಗೆರೆ. ಒಂದಾದರೂ ಬೆದರಲಿಲ್ಲ.

ಹೊರಡುವಾಗ ಡಾಕ್ಟರಮ್ಮ ಹೇಳಿದಳು: "ಇದರ ಬಲ ಮೈಗೆ ಹತ್ತೋಕೆ ಸುಮಾರು ಎರಡು ವಾರ ಬೇಕು. ಅಲ್ಲೀವರೆಗೆ ನೀವು ಹಳ್ಳ ದಾಟೋ ಹಾಗಿಲ್ಲ, ಅವರೂ ಈ ಕಡೆ ಕಾಲಿಡೋ ಹಾಗಿಲ್ಲ. ಕಾಲಲ್ಲಿ, ಬಟ್ಟೇಲಿ ಅಂಟ್ಕೊಂಡು ಬರುತ್ತೆ ಇದು."

"ದಾಟೋಕೆ ನಮಗೇನು ಮಾತುಕತೆ ಇದೆಯಾ" ಎಂದಳು ಕುರಿಯಕ್ಕ.

ಎಂದವಳು ಹೊತ್ತು ಮುಳುಗುವ ಮುಂಚೆ ಹಳ್ಳದ ದಡದಲ್ಲಿ ನಿಂತಿದ್ದಳು. ಹಳ್ಳ ಅಗಲವೇನಲ್ಲ, ಗಟ್ಟಿಯಾಗಿ ಮಾತಾಡಿದರೆ ಕೇಳುವಷ್ಟು. ಆಚೆ ತಮ್ಮ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. ಪಕ್ಕದಲ್ಲಿ ಗಂಟೆ, ಅವಳ ಸೊಂಟದ ಮೇಲೆ ಕೆಂಪು ಟೊಪ್ಪಿಗೆಯ ಮಗು.

ಕುರಿಯಕ್ಕ ಗಂಟಲು ಸರಿಮಾಡಿಕೊಂಡಳು. "ಏನೇ ಗಂಟೆ, ನಿನ್ನ ಗಂಡನಿಗೆ ಹೇಳು. ಕಾಯಿಲೆ ಬಿದ್ದಿದ್ದನ್ನ ಬೇರೆ ಕಟ್ಟಬೇಕಂತೆ."

ಗಂಟೆ ಮಗ್ಗುಲಲ್ಲೇ ಇದ್ದ ಗಂಡನ ಕಡೆ ತಿರುಗಿದಳು. "ಕಾಯಿಲೆ ಬಿದ್ದಿದ್ದನ್ನ ಬೇರೆ ಕಟ್ಟಬೇಕಂತೆ."

"ಕಟ್ಟಿದೀನಿ ಅಂತ ಹೇಳು."

"ಕಟ್ಟಿದಾರಂತೆ ಅಕ್ಕಾ!"

"ಎಲ್ಲಿ ಕಟ್ಟಿದಾನೆ ಕೇಳು."

"ಎಲ್ಲಿ ಕಟ್ಟಿದೀರಿ ಅಂತ ಕೇಳ್ತಿದಾರೆ."

"ಸೌದೆ ಕೊಟ್ಟಿಗೇಲಿ ಅಂತ ಹೇಳು."

"ಸೌದೆ ಕೊಟ್ಟಿಗೇಲಂತೆ!"

"ಅಲ್ಲಿ ಗಾಳಿ ಬೀಸುತ್ತೆ. ಗೋಣಿ ಅಡ್ಡ ಕಟ್ಟಬೇಕು ಅಂತ ಹೇಳು, ಅಷ್ಟೂ ಗೊತ್ತಾಗಲ್ವಾ ಅಂತಾನೂ ಕೇಳು."

"ಗೋಣಿ ಕಟ್ಟಬೇಕಂತೆ, ಅಷ್ಟೂ ಗೊತ್ತಾಗಲ್ವಾ ಅಂತೆ."

"ನಾನೇನು ನಿನ್ನೆ ಹುಟ್ಟಿದವನಲ್ಲ ಅಂತ ಹೇಳು."

ಗಂಟೆ ಮಗುವನ್ನು ಕೆಳಗಿಳಿಸಿದಳು. "ನನ್ನ ಹಣೆಬರಹ ನೋಡು! ಅವರು ಹೇಳಿದ್ದು ಇವರಿಗೆ ಕೇಳಿಸುತ್ತೆ, ಇವರು ಹೇಳಿದ್ದು ಅವರಿಗೆ ಕೇಳಿಸುತ್ತೆ. ನಡುವೆ ನಾನೊಬ್ಬಳು ಒದರಿ ಸಾಯಬೇಕು. ಗಂಟಲೇ ಬಿದ್ದುಹೋಯ್ತು. ನೀವುಂಟು, ನಿಮ್ಮ ಅಕ್ಕ ಉಂಟು, ಹಳ್ಳ ಉಂಟು!" ಎಂದು ಮಗುವಿನ ಕೈಹಿಡಿದು ದುಡುದುಡು ಮನೆಗೆ ಹೋಗಿಬಿಟ್ಟಳು.

ಎರಡು ದಡದಲ್ಲಿ ಇಬ್ಬರೇ ಉಳಿದರು. ನೀರು ಕಲ್ಲುಗಳ ನಡುವೆ ಹರಿಯುವ ಸದ್ದು. ಆಚೆ ಕೊಟ್ಟಿಗೆಯಿಂದ ಒಂದು ಕೆಮ್ಮು. ಅವನು ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಕೊನೆಗೆ ಬಾಯಿ ತೆರೆದ.

"ಅಕ್ಕಾ."

ಅವಳು ನೀರಿನ ಅಂಚಿಗೆ ಒಂದು ಹೆಜ್ಜೆ ಬಂದಳು.

"ಬಾಯಿ ತುಂಬ ಹುಣ್ಣು ಅಕ್ಕ. ಮೇವನ್ನ ಮೂಸಿ ನೋಡಿ ಮುಖ ತಿರುಗಿಸ್ತಾವೆ. ಕಣ್ಣು ಅಂಟ್ಕೊಂಡುಬಿಟ್ಟಿದೆ. ನಂಗೇನೂ ತೋಚ್ತಿಲ್ಲ."

"ಡಾಕ್ಟರಮ್ಮ ಕೊಟ್ಟ ನೇರಳೆ ನೀರಲ್ಲಿ ಬಾಯಿ ತೊಳೆದೆಯಾ?"

"ತೊಳೆಯೋಕೆ ಹೋದ್ರೆ ಕಚ್ಚುತ್ತೆ."

"ಕಚ್ಚಲಿ ಬಿಡೋ. ನೀನೂ ಕಚ್ಚುತ್ತಿದ್ದೆ."

ಅವನು ನಗಲಿಲ್ಲ, ಆದರೆ ಬಿಗಿದಿದ್ದ ಹೆಗಲು ಸಡಿಲಾದದ್ದು ಈಚೆ ದಡಕ್ಕೂ ಕಂಡಿತು.

ಮರುದಿನದಿಂದ ಬೆಳಿಗ್ಗೆ ಸಂಜೆ ಹಳ್ಳದ ಮೇಲೆ ಮಾತು ಹಾರಾಡಿತು. ಬೇನೆ ಬಿದ್ದ ಆಡಿಗೆ ಉಪ್ಪು ಬೆಲ್ಲ ಹಾಕಿದ ತೆಳ್ಳನೆಯ ಗಂಜಿ ಕುಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದಳು. ಗಂಟೆಗೆ ಮಗುವನ್ನು ನೋಡುತ್ತ, ಗಂಡನ ಜೊತೆ ಕೊಟ್ಟಿಗೆ ತೊಳೆಯುತ್ತ, ಗಂಜಿಗೆ ಹೊತ್ತೆಲ್ಲಿ? ಕುರಿಯಕ್ಕ ಕುದಿಸಿ, ಆರಿಸಿ, ಪಾತ್ರೆಯಲ್ಲಿ ತುಂಬಿ ಹಳ್ಳ ಕಿರಿದಾಗುವ ಕಡೆ ಅಂಚಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ತಮ್ಮ ನೀರಿನ ಆ ಕಡೆಯಿಂದಲೇ ಉದ್ದನೆಯ ಕೊಕ್ಕೆಕೋಲು ಚಾಚಿ ಅದನ್ನು ಎತ್ತಿಕೊಳ್ಳುತ್ತಿದ್ದ. ಹೋದ ಪಾತ್ರೆ ತಿರುಗಿ ಬರುವಂತಿರಲಿಲ್ಲ. ಹಾಗಾಗಿ ಮೊದಲು ದೊಡ್ಡ ಪಾತ್ರೆ ಹೋಯಿತು, ಆಮೇಲೆ ಸಣ್ಣದು, ಆಮೇಲೆ ಹಿಡಿ ಮುರಿದದ್ದು, ಕೊನೆಗೆ ನೀರು ಕಾಯಿಸುವ ಚೊಂಬೂ ಹೋಯಿತು. ಒಂದು ದಿನ ಕಮ್ಮಾರನ ಹೆಂಡತಿ ಇಣುಕಿ ನೋಡಿದರೆ ಕುರಿಯಕ್ಕ ಎಣ್ಣೆ ಡಬ್ಬದಲ್ಲಿ ತನ್ನ ಅನ್ನ ಬೇಯಿಸಿಕೊಳ್ಳುತ್ತಿದ್ದಳು.

"ಇದೇನಕ್ಕ, ಮನೆ ದೋಚಿಕೊಂಡು ಹೋದ್ರಾ?"

"ಹೂಂ. ತಮ್ಮ ದೋಚ್ಕೊಂಡು ಹೋದ" ಎಂದಳು. ಅವಳು ಹಾಗೆ ಹೇಳುವಾಗ ಮುಖ ಅರಳಿತ್ತೆಂದು ಕಮ್ಮಾರನ ಹೆಂಡತಿ ಬೀದಿಯಲ್ಲೆಲ್ಲ ಹೇಳಿದಳು.

ಆದರೆ ಬೇನೆ ತನ್ನ ಕೆಲಸ ನಿಲ್ಲಿಸಲಿಲ್ಲ. ಮೊದಲು ಸಂತೆಯಿಂದ ತಂದ ಮರಿಗಳು ಹೋದವು. ಆಮೇಲೆ ಮನೆಯ ಮರಿಗಳು, ಆಮೇಲೆ ದೊಡ್ಡವು. ಬೆಳಗಾದರೆ ಆಚೆಯಿಂದ ಗುದ್ದಲಿಯ ಸದ್ದು. ಆಳಕ್ಕೆ ಗುಂಡಿ ತೋಡಿ, ಸುಣ್ಣ ಸುರಿದು, ಮಣ್ಣು ಮುಚ್ಚಬೇಕು. ನಾಯಿ ನರಿ ಎಳೆಯಬಾರದು. ಕುರಿಯಕ್ಕ ಗುದ್ದಲಿಯ ಏಟು ಕೇಳುತ್ತ ಒಲೆಯ ಮುಂದೆ ಕೂತಿರುತ್ತಿದ್ದಳು. ಗುಂಡಿ ದೊಡ್ಡದೋ ಚಿಕ್ಕದೋ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ತನ್ನ ಕುರಿಗಳ ಮೂಗು ಮುಟ್ಟಿ ನೋಡುವಳು, ಕಣ್ಣು ಅಗಲಿಸಿ ನೋಡುವಳು, ಒಂದು ಸೀನಿದರೆ ಜೀವ ಬಾಯಿಗೆ ಬರುತ್ತಿತ್ತು. ಅವು ಆರಾಮವಾಗಿ ಮೆಲುಕು ಹಾಕುತ್ತಿದ್ದವು. ಅದನ್ನು ಕಂಡು ನೆಮ್ಮದಿಯೂ ಆಗುತ್ತಿತ್ತು, ಆಚೆಯದನ್ನು ನೆನೆದು ಆ ನೆಮ್ಮದಿಗೆ ನಾಚಿಕೆಯೂ ಆಗುತ್ತಿತ್ತು.

ಒಂದು ಸಂಜೆ ಅವನು ದಡಕ್ಕೆ ಬಂದವನು ನಿಲ್ಲಲಿಲ್ಲ, ಕುಸಿದು ಕೂತ.

"ಮುದುಕಿ ಹೋದಳು ಅಕ್ಕ."

ಮುದುಕಿ ಎಂದರೆ ಅವನ ಮಂದೆಯ ಹಿರಿಯ ಆಡು. ಅಪ್ಪನ ಕಾಲದ ತಳಿ ಎಂದು ಉಳಿದಿದ್ದುದು ಅದೊಂದೇ. ಅವನು ಮೊಣಕಾಲಿನ ಮೇಲೆ ಹಣೆಯಿಟ್ಟು ಅಳತೊಡಗಿದ. ದೊಡ್ಡ ಗಂಡಸು, ಹೆಂಡತಿ ಮಗಳ ಎದುರಲ್ಲೇ, ಬಿಕ್ಕಿ ಬಿಕ್ಕಿ. ಮಗು ಬಂದು ಅವನ ಬೆನ್ನಿಗೆ ಒರಗಿ ನಿಂತಿತು. ಕುರಿಯಕ್ಕನ ಪಾದ ತಾನಾಗಿಯೇ ನೀರಿಗಿಳಿದಿತ್ತು. ತಣ್ಣನೆಯ ನೀರು ಕಾಲಿನ ಹರಡಿಗೆ ತಾಕಿದಾಗ ಎಚ್ಚರವಾಗಿ ಹಿಂದೆಗೆದಳು. ಹೋಗಿ ತಲೆ ಸವರುವಂತಿಲ್ಲ. ಅವಳೂ ಈಚೆ ದಡದಲ್ಲಿ, ಅವನಿಗೆ ಎದುರಾಗಿ, ಮಣ್ಣಿನಲ್ಲೇ ಕೂತಳು. ಕೂತು, ಕುರಿಗಳಿಗಲ್ಲದೆ ಯಾರಿಗೂ ಅಷ್ಟು ಮಾತಾಡದ ಹೆಂಗಸು ಮಾತಾಡತೊಡಗಿದಳು.

"ಅದರ ಅಜ್ಜಿಯ ತಾಯಿ ಒಂದಿತ್ತು, ನಿನಗೆ ನೆನಪಿರಲ್ಲ. ಒಂದು ಕೊಂಬು ಡೊಂಕು. ಅಮ್ಮ ಹೋದ ಮೇಲೆ ನೀನು ಯಾವ ಹಾಲೂ ಕುಡೀತಿರಲಿಲ್ಲ. ಬಟ್ಟೆ ಬತ್ತಿ ಇಟ್ರೆ ಉಗೀತಿದ್ದೆ. ಅಪ್ಪ ಆಸೆ ಬಿಟ್ಟಿದ್ದ. ನಾನು ಒಂದಿನ ರೇಗಿ, ಹೋಗು ನೀನೇ ಕುಡ್ಕೋ ಅಂತ ನಿನ್ನ ಒಯ್ದು ಆ ಆಡಿನ ಹೊಟ್ಟೆ ಕೆಳಗೇ ಮಲಗಿಸಿದೆ. ಅದು ಒದೆಯುತ್ತೆ ಅಂತ ಕೋಲು ಹಿಡ್ಕೊಂಡು ನಿಂತಿದ್ದೆ. ಒದೀಲಿಲ್ಲ ಕಣೋ. ಕಾಲು ಅಗಲಿಸಿ ನಿಂತ್ಕೊಳ್ತು. ನಿನ್ನ ತಲೆ ನೆಕ್ತು. ನೀನು ಮರಿ ಹಾಗೇ ಗುದ್ದಿ ಗುದ್ದಿ ಕುಡಿದೆ. ಅದರ ಸ್ವಂತ ಮರಿ ಪಕ್ಕದಲ್ಲಿ ನಿಂತು ಕಿರುಚಾಡ್ತಿತ್ತು, ನನ್ನ ಪಾಲು ಇವನು ಕುಡೀತಿದಾನೆ ಅಂತ. ಆಮೇಲೆ ಬತ್ತೀಲೂ ಕುಡಿಯೋಕೆ ಶುರು ಮಾಡ್ದೆ. ಅಪ್ಪ ಆವತ್ತು ಎಷ್ಟು ನಕ್ಕ ಗೊತ್ತಾ? ಅಮ್ಮ ಹೋದ ಮೇಲೆ ಅವನು ನಕ್ಕಿದ್ದು ಆವತ್ತೇ ಮೊದಲು."

ಅವನು ತಲೆಯೆತ್ತಿದ್ದ. ಈ ಕತೆ ಅವನಿಗೆ ಯಾರೂ ಹೇಳಿರಲಿಲ್ಲ. ಮೂಗಲ್ಲಿ ಕಣ್ಣಲ್ಲಿ ನೀರು ಸುರಿಸುತ್ತಲೇ ಅವನಿಗೆ ನಗು ಬಂತು. ಹಿಂದೆ ನಿಂತಿದ್ದ ಗಂಟೆ "ಅದಕ್ಕೇ ನೋಡಿ, ಈಗಲೂ ಹಟ ಬಂದ್ರೆ ಗುದ್ದೋಕೇ ಬರ್ತಾರೆ" ಎಂದಳು. ಎರಡು ದಡದಲ್ಲೂ ನಕ್ಕರು.

ನಗು ನಿಂತ ಮೇಲೆ ಅವನು ಮೆಲ್ಲಗೆ ಶುರುಮಾಡಿದ. "ಅಕ್ಕ, ಆವತ್ತು ಚಹಾ ಅಂಗಡೀಲಿ ನಾನು..."

"ಹಳ್ಳದ ಸದ್ದಲ್ಲಿ ಎಲ್ಲ ಕೇಳಿಸಲ್ಲ" ಎಂದಳು ಕುರಿಯಕ್ಕ ಏಳುತ್ತ. "ಹತ್ರ ಬಂದಾಗ ಹೇಳು."

ಡಾಕ್ಟರಮ್ಮ ದಿನ ಬಿಟ್ಟು ದಿನ ಬರುತ್ತಿದ್ದಳು. ಎರಡು ವಾರ ಕಳೆದ ಮೇಲೆ ಕುರಿಯಕ್ಕನ ಮಂದೆಯನ್ನು ಒಂದೊಂದೂ ಮುಟ್ಟಿ ನೋಡಿ, "ಇನ್ನು ನೀವು ಹೋಗಬಹುದು. ಆದರೂ ಬರುವಾಗ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ ದೊಡ್ಡಿಗೆ ಹೋಗಿ" ಎಂದಳು. ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕುರಿಯಕ್ಕ ಸೀರೆ ಎತ್ತಿ ಕಟ್ಟಿಕೊಂಡು ಹಳ್ಳದ ನಡುವೆ ಇದ್ದಳು.

ಹತ್ತಿರದಿಂದ ನೋಡಿದಾಗ ತಮ್ಮ ಇಳಿದುಹೋಗಿದ್ದ. ಕಣ್ಣು ಗುಳಿಬಿದ್ದು, ಕೈಬೆರಳುಗಳು ಔಷಧಕ್ಕೆ ನೇರಳೆಯಾಗಿ, ಅಂಗೈಯಲ್ಲಿ ಗುದ್ದಲಿಯ ಬೊಬ್ಬೆ. ಸೌದೆ ಕೊಟ್ಟಿಗೆಯಲ್ಲಿ ಗಾಳಿಗೆ ಗೋಣಿ ಕಟ್ಟಿತ್ತು. ಒಳಗೆ ಹುಲ್ಲಿನ ಮೇಲೆ ತಾಯಿ ಸತ್ತ ಕೆಲವು ಮರಿಗಳು ಒಂದರ ಮೈಮೇಲೊಂದು ಬಿದ್ದುಕೊಂಡಿದ್ದವು. ಬೇನೆ ಇಳಿದಿತ್ತು, ಜ್ವರ ಬಿಟ್ಟಿತ್ತು; ಆದರೆ ಬಾಯಿ ನೋವಿಗೆ ತಿನ್ನದೆ ಎಲುಬಾಗಿದ್ದವು. ಕುರಿಯಕ್ಕ ಅವುಗಳ ನಡುವೆ ಕೂತು ಒಂದನ್ನು ಮಡಿಲಿಗೆಳೆದುಕೊಂಡಳು. ನೇರಳೆ ನೀರಲ್ಲಿ ಬಟ್ಟೆಯ ತುಂಡು ಅದ್ದಿ ತುಟಿಯ ಮೇಲೆ ಒಣಗಿದ ಹುಣ್ಣಿನ ಹೆಕ್ಕಳ ನೆನೆಸತೊಡಗಿದಳು. ತಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಹತ್ರ ಬಂದೆಯಲ್ಲ ಅಕ್ಕ. ಈಗ ಹೇಳ್ಲಾ?"

"ಮೊದಲು ಇದರ ತಲೆ ಹಿಡ್ಕೋ. ಅಲುಗಾಡುತ್ತೆ."

ಅವನು ಎರಡೂ ಕೈಯಲ್ಲಿ ಮರಿಯ ತಲೆ ಹಿಡಿದುಕೊಂಡ. ಹಿಡಿದುಕೊಂಡೇ, ಮರಿಯ ಮುಖ ನೋಡುತ್ತಲೇ ಹೇಳಿದ: "ಗಂಡನಾ ಮಕ್ಕಳಾ ಅಂದುಬಿಟ್ಟೆ. ನಾನಿದ್ದೆನಲ್ಲ ಅಕ್ಕ. ನಾನು ಯಾರ ಮಗ?"

ಕುರಿಯಕ್ಕ ಮರಿಯ ತುಟಿ ಒರೆಸಿದಳು, ಮೂಗು ಒರೆಸಿದಳು. ಅದು ಮುಗಿದ ಮೇಲೆ ತಮ್ಮನ ಗದ್ದ ಹಿಡಿದೆತ್ತಿ ಅದೇ ಬಟ್ಟೆಯಿಂದ ಅವನ ಮೂಗನ್ನೂ ಒರೆಸಿದಳು. ಅವನು ಹೊರಗೆ ಬಂದಾಗ ಮೂಗಿನ ತುದಿ ನೇರಳೆಯಾಗಿತ್ತು. ಗಂಟೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದರ ಕಾರಣ ಕೇಳಿ ತಿಳಿದ ಮೇಲೆ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಮಗು ಮಾತ್ರ ಮೊದಲು ಹತ್ತಿರ ಬರಲಿಲ್ಲ. ಬಾಗಿಲ ಮರೆಯಿಂದ ನೋಡುತ್ತಿತ್ತು. ಅಷ್ಟು ದಿನ ಬೆರಳುದ್ದ ಕಾಣುತ್ತಿದ್ದ ಹೆಂಗಸು ಇಷ್ಟು ದೊಡ್ಡವಳಾಗಿ ಮನೆಯೊಳಗೇ ಬಂದು ಕೂತದ್ದು ಅದಕ್ಕೆ ನಂಬಿಕೆಯಾಗುವಂತಿರಲಿಲ್ಲ. "ಆಚೆ ಅತ್ತೆ ಈಚೆ ಬಂದ್ಲು" ಎಂದು ಅಮ್ಮನ ಕಿವಿಯಲ್ಲಿ ಹೇಳಿತು. ಕುರಿಯಕ್ಕ ಕರೆಯಲೂ ಇಲ್ಲ, ಕೈ ಚಾಚಲೂ ಇಲ್ಲ. ಬೆದರಿದ ಮರಿಯ ಮುಂದೆ ಹೇಗೆ ಕೂರುತ್ತಾಳೋ ಹಾಗೆ, ಬೇರೆ ಕಡೆ ನೋಡುತ್ತ ತನ್ನ ಕೆಲಸ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಏನೋ ಬೆಚ್ಚಗೆ ಒರಗಿತು. ಅವಳು ತಿರುಗಲಿಲ್ಲ. ಒರಗಿದ್ದು ಜಾರಿ ಬಂದು ಮಡಿಲಲ್ಲಿ ಮರಿಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಂಡಿತು.

ಅಂದಿನಿಂದ ಕುರಿಯಕ್ಕ ಹಗಲೆಲ್ಲ ಅಲ್ಲೇ ಇದ್ದು ಮರಿಗಳನ್ನು ಉಳಿಸಿಕೊಂಡಳು. ಎಲ್ಲವೂ ಉಳಿಯಲಿಲ್ಲ. ಒಂದು ಮರಿ, ಗಂಜಿ ಕುಡಿದು ಚೇತರಿಸಿಕೊಂಡಿತೆಂದು ಎಲ್ಲರೂ ಅಂದುಕೊಂಡ ಮೇಲೆ, ಅವಳ ಕೈಯಲ್ಲೇ ಕತ್ತು ವಾಲಿಸಿತು. ಆ ದಿನ ಗುಂಡಿ ತೋಡಿದ್ದು ಅವಳೇ. ಉಳಿದವು ದಿನಕ್ಕಿಷ್ಟು ಮೇವು ಕಡಿಯತೊಡಗಿದವು. ಕೊನೆಗೆ ಲೆಕ್ಕ ನೋಡಿದರೆ ತಮ್ಮನ ಮಂದೆಯಲ್ಲಿ ಅರ್ಧಕ್ಕೂ ಕಡಿಮೆ ನಿಂತಿತ್ತು. "ಇವಕ್ಕೆ ಇನ್ನು ಜನ್ಮದಲ್ಲಿ ಈ ಬೇನೆ ಬರಲ್ಲ. ಹುಟ್ಟೋ ಮರಿಗಳಿಗೆ ಮಾತ್ರ ಲಸಿಕೆ ತಪ್ಪಿಸ್ಬೇಡಿ" ಎಂದಳು ಡಾಕ್ಟರಮ್ಮ. ಚಳಿ ಮುಗಿಯುವ ಮುಂಚೆ ಕುರಿಯಕ್ಕನ ಕುರಿಗಳು ಈದವು. ಒಂದೂ ಕಂದು ಹಾಕಲಿಲ್ಲ. ಹಿಂದಿನ ಕೋಣೆ ತುಂಬಿ, ಮಂಚದ ಕೆಳಗೂ ಮರಿ ಮಲಗುವಂತಾಯಿತು. ಗಂಟೆ ಪಾತ್ರೆಗಳನ್ನೆಲ್ಲ ಬೆಳಗಿ ತಂದು ಇಟ್ಟಳು. ಹಿಡಿ ಮುರಿದದ್ದಕ್ಕೆ ಕಮ್ಮಾರನಿಂದ ಹೊಸ ಹಿಡಿ ಹಾಕಿಸಿದ್ದಳು.

ಅಕ್ಕತಮ್ಮ ಜಗಳವಾಡುವುದನ್ನು ಬಿಟ್ಟರೆಂದಲ್ಲ. ಆಡುಗಳನ್ನು ತಗ್ಗಿಗೆ ತಂದು ಮೇಯಿಸು ಎಂದವಳು ಅವಳೇ. ಬಂದ ಮೇಲೆ ನಿನ್ನ ಆಡು ಗಿಡದ ತೊಗಟೆಯನ್ನೂ ಬಿಡಲ್ಲ ಎಂದು ಬೈದವಳೂ ಅವಳೇ. ಅವನೂ ಸುಮ್ಮನಿರುವವನಲ್ಲ. ಚಹಾ ಅಂಗಡಿಯವನಿಗೆ ಅವರ ಕೂಗಾಟ ಕೇಳಿದರೆ ಈಗ ನೆಮ್ಮದಿ.

ಬಿಸಿಲು ಬಲಿತ ಮೇಲೆ ಎರಡು ಮಂದೆಯನ್ನೂ ಒಂದು ಮಾಡಿಕೊಂಡು ಇಬ್ಬರೂ ಮೇಲಿನ ಗುಡ್ಡಗಳಿಗೆ ಹೊರಟರು. ಅಪ್ಪ ನಡೆದಿದ್ದ ದಾರಿ. ದಾರಿಯುದ್ದಕ್ಕೂ ಅವನದೇ ಮಾತು. ಬಿಟ್ಟುಹೋದ ವರ್ಷಗಳದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿ ಮುಗಿಸಬೇಕೆಂಬಂತೆ. ಮಗಳು ಮೊದಲು ಆಡಿದ ಮಾತು, ಮನೆಯ ಮಾಡು ಹಾರಿಹೋದದ್ದು, ಹೆಂಡತಿ ತವರಿಗೆ ಹೊರಟು ಹಳ್ಳದ ತನಕ ಹೋಗಿ ತಿರುಗಿ ಬಂದದ್ದು. ಅವಳು ಹೂಂ ಎನ್ನುತ್ತ ನಡೆದಳು. ಬಿಸಿಲು ನೆತ್ತಿಗೇರಿದಾಗ ಮಂದೆ ಬಂಡೆಗಳ ನೆರಳಿಗೆ ಸರಿಯಿತು. ಹೇಳುತ್ತ ಹೇಳುತ್ತ ಅವನು ಒಂದು ವಾಕ್ಯದ ನಡುವೆಯೇ ನಿದ್ದೆಹೋದ. ಬಾಯಿ ಅರ್ಧ ತೆರೆದೇ ಇತ್ತು. ಒಂದು ಆಡಿನ ಮರಿ ಬಂದು ಅವನ ಅಂಗಿಯ ತೋಳನ್ನು ಅಗಿಯತೊಡಗಿತು. ಕುರಿಯಕ್ಕ ಸಣ್ಣದೊಂದು ಕಲ್ಲನ್ನು ಅದರ ಕಾಲ ಬಳಿ ಉರುಳಿಸಿ ದೂರ ಓಡಿಸಿದಳು. ಆಮೇಲೆ ತನ್ನ ಶಾಲು ತೆಗೆದು ಅವನ ಮುಖಕ್ಕೆ ಬಿಸಿಲು ಬೀಳದಂತೆ ಕೋಲಿಗೆ ಸಿಕ್ಕಿಸಿ ನಿಲ್ಲಿಸಿ, ಎರಡು ಮಂದೆಯನ್ನೂ ಕಾಯುತ್ತ ಕೂತಳು.